ಹಾಲಿಗೆ ಫ್ಯಾಟ್ ನೋಡ್ತೀರಿ, ಶೇಂಗಾಕ್ಕೆ ಯಾಕೆ ನೋಡಲ್ಲ?

1/5
ಬೆಳಿಗ್ಗೆ ಡೇರಿಗೆ ಹಾಲು ಹಾಕೋಕೆ ಹೋಗಿದ್ದೀರಾ? ಮಷೀನಲ್ಲಿ ಫ್ಯಾಟ್ ನೋಡ್ತಾರೆ, ಅದರ ಮೇಲೆ ರೇಟು. ಹಸುವಿಗೆ ಒಳ್ಳೆ ಮೇವು ಹಾಕಿದವರಿಗೆ ನಾಲ್ಕು ಕಾಸು ಜಾಸ್ತಿ. ನ್ಯಾಯ ತಾನೇ?

ಈಗ ಶೇಂಗಾ ಮಾರ್ಕೆಟ್‌ಗೆ ಬನ್ನಿ. ಅಪ್ಪನ ಜೊತೆ ಹೋದಾಗ ನಾನೇ ನೋಡಿದ್ದು. ಮೂಟೆಯಿಂದ ಒಂದು ಹಿಡಿ ತೆಗೆದ್ರು, ನಾಲ್ಕು ಕಾಯಿ ಒಡೆದ್ರು, ರೇಟ್ ಹೇಳಿದ್ರು. ಒಳಗಿರೋ ಎಣ್ಣೆ ಎಂಥದ್ದು ಅಂತ ಯಾರೂ ಕೇಳಲಿಲ್ಲ.

2/5
ಶೇಂಗಾ ಎಣ್ಣೆಯಲ್ಲಿ ಎಲ್ಲಕ್ಕಿಂತ ಹೆಚ್ಚಿರೋದು ಎರಡು ಕೊಬ್ಬಿನಾಮ್ಲ: ಓಲಿಕ್, ಲಿನೋಲಿಕ್. ಲಿನೋಲಿಕ್ ಗಾಳಿ ತಾಗಿದ್ರೆ ಬೇಗ ಕೆಡುತ್ತೆ. ಹಳೇ ಬೀಜದ ಕಮಟು ವಾಸನೆ ಅದರದ್ದೇ. ಓಲಿಕ್ ಜಾಸ್ತಿ ಇದ್ರೆ ಎಣ್ಣೆ, ಚಿಕ್ಕಿ, ಚಟ್ನಿಪುಡಿ ಎಲ್ಲಾ ಹೆಚ್ಚು ದಿನ ತಡೆಯುತ್ತೆ.

ಮಾಮೂಲಿ ತಳಿಗಳಲ್ಲಿ ಓಲಿಕ್ ಹೆಚ್ಚುಕಮ್ಮಿ ಅರ್ಧ. ಶೇ. 80ರಷ್ಟು ಇರೋ ಶೇಂಗಾ ಬಗ್ಗೆ ಅಮೆರಿಕದ ಫ್ಲೋರಿಡಾ ವಿಜ್ಞಾನಿಗಳು 1987ರಲ್ಲೇ ಬರೆದಿದ್ರು. ಆ ಗುಣವನ್ನ ನಮ್ಮ ನೆಲಕ್ಕೆ ಹೊಂದೋ ಶೇಂಗಾಕ್ಕೆ ಕ್ರಾಸ್ ಮಾಡಿ ತಂದಿದ್ದು ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಮತ್ತು ಗುಜರಾತಿನ ಜುನಾಗಢದ ಶೇಂಗಾ ಸಂಶೋಧನಾ ನಿರ್ದೇಶನಾಲಯ. ಗಿರ್ನಾರ್ 4, ಗಿರ್ನಾರ್ 5. ಓಲಿಕ್ ಸುಮಾರು ಶೇ. 78. 2020ರಲ್ಲೇ ದೇಶಕ್ಕೆ ಕೊಟ್ಟಾಯ್ತು. ಕುಲಾಂತರಿ ಅಲ್ಲ, ಕ್ರಾಸ್ ಮಾಡಿದ ತಳಿ.

3/5
"ರೈತರಿಗೆ ಅರಿವಿಲ್ಲ, ಅದಕ್ಕೇ ಹೊಸ ತಳಿ ಬೆಳೆಯಲ್ಲ" ಅಂತ ಭಾಷಣ ಕೇಳಿರ್ತೀರಿ. ನಾನು ಬಿಕಾಂ ಓದ್ತಿರೋನು, ನನಗೆ ಲೆಕ್ಕ ಹೇಳಿ.

ಶೇಂಗಾಕ್ಕೆ ಎಕರೆಗೆ ಹತ್ತಾರು ಕೆಜಿ ಬೀಜ ಬೇಕು. ಹೊಸ ಬೀಜದ ಖರ್ಚು ರೈತಂದು. ಬೇರೆ ತಳಿ ಜೊತೆ ಬೆರೆಯದಂಗೆ ಬೇರೆ ಒಣಗಿಸಿ, ಬೇರೆ ಮೂಟೆ ಕಟ್ಟೋ ಕೆಲಸವೂ ರೈತಂದು. ಸರಕು ಕೆಡದೆ ಉಳಿಯೋ ಲಾಭ? ಮಿಲ್ಲಿಗೆ, ಅಂಗಡಿಗೆ, ಚಿಕ್ಕಿ ಫ್ಯಾಕ್ಟರಿಗೆ. ಸರ್ಕಾರದ ಬೆಂಬಲ ಬೆಲೆಯೂ ಓಲಿಕ್ ನೋಡಲ್ಲ, ಶೇಂಗಾ ಅಂದ್ರೆ ಎಲ್ಲಾ ಒಂದೇ. ಇದನ್ನ ಅಜ್ಞಾನ ಅಂತೀರಾ? ರೈತನಿಗೆ ಲೆಕ್ಕ ನಿಮಗಿಂತ ಚೆನ್ನಾಗಿ ಬರುತ್ತೆ ಅಂತೀನಿ ನಾನು.

4/5
"ಮಾರ್ಕೆಟ್‌ನಲ್ಲಿ ಓಲಿಕ್ ಅಳೆಯೋಕೆ ಆಗುತ್ತಾ?" ಆಗುತ್ತೆ. ಬೀಜದ ಮೇಲೆ ಬೆಳಕು ಬಿಟ್ಟು ಅಳೆಯೋ ಯಂತ್ರ ಇದೆ. ತಳಿ ವಿಜ್ಞಾನಿಗಳು ಬೀಜ ಒಡೆಯದೆ ಪರೀಕ್ಷೆ ಮಾಡೋದು ಅದರಲ್ಲೇ. ಹಾಲಿನ ಮಷೀನೂ ಒಂದು ಕಾಲಕ್ಕೆ ಹಳ್ಳಿಗೆ ಹೊಸದೇ ಆಗಿತ್ತು.

"ದುಬಾರಿ" ಅಂತೀರಾ? ಪ್ರತಿ ರೈತನಿಗೂ ಒಂದು ಬೇಡ. ದೊಡ್ಡ ಎಪಿಎಂಸಿಗೆ ಒಂದು ಸಾಕು.

5/5
ನಾವು ಬಳಸೋ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ ಬರುತ್ತೆ. ಇಲ್ಲಿ ಚಳ್ಳಕೆರೆಗೆ ಎಣ್ಣೆ ನಗರ ಅನ್ನೋ ಹೆಸರು ಬೇರೆ! ತಳಿ ಮಾಡೋರು ತಮ್ಮ ಕೆಲಸ ಮಾಡಿದ್ದಾರೆ. ಮಾರ್ಕೆಟ್ ಮಾತ್ರ ಇನ್ನೂ ನಾಲ್ಕು ಕಾಯಿ ಒಡೆದು ನೋಡ್ತಾ ಕೂತಿದೆ. ಗುಣಕ್ಕೆ ಬೆಲೆ ಇಲ್ಲದ ಕಡೆ ಗುಣ ಬೆಳೆಯಿರಿ ಅಂತ ಯಾವ ಮುಖ ಇಟ್ಕೊಂಡು ಹೇಳೋದು?

ನಿಮ್ಮೂರ ಎಪಿಎಂಸಿಯಲ್ಲಿ ಶೇಂಗಾ ರೇಟ್ ಹೇಗೆ ಕಟ್ತಾರೆ? ಕಾಮೆಂಟಲ್ಲಿ ಬರೀರಿ. ಮನೇಲಿ ಶೇಂಗಾ ಬೆಳೆಯೋರಿಗೆ ಓದಿ ಹೇಳಿ.

#ಶೇಂಗಾ #ರೈತನಲೆಕ್ಕ #ಗುಣಕ್ಕೆಬೆಲೆ