ಓಟು ಊರಲ್ಲಿ, ಪೆಟ್ಟು ಇಲ್ಲಿ!



“ನಮಗ್ಯಾಕೆ ಮಾರಾಯ ಈ ಮುಂಬಯಿಯ ಓಟು? ಹೊಟ್ಟೆಪಾಡಿಗೆ ಬಂದವರು ನಾವು. ಹೆಸರು ಊರಿನ ಯಾದಿಯಲ್ಲಿದೆ, ಅಷ್ಟು ಸಾಕು.” ಈ ಮಾತನ್ನು ನಾನು ಹೋಟೆಲಿನ ಮೋರಿಯ ಬಳಿ ಕೇಳಿದ್ದೇನೆ, ಭಟ್ಟಿಯ ಮುಂದೆ ಕೇಳಿದ್ದೇನೆ, ಗಿರಣಿ ಮುಚ್ಚಿದ ಮೇಲೆ ಕಾವಲುಗಾರರಾಗಿ ದಿನ ತಳ್ಳಿದ ಹಿರಿಯರ ಬಾಯಲ್ಲೂ ಕೇಳಿದ್ದೇನೆ. ನಮ್ಮ ಕೆಲವು ಮುಖಂಡರಂತೂ ಇದನ್ನೊಂದು ತತ್ತ್ವವನ್ನಾಗಿಯೇ ಮಾಡಿಕೊಂಡಿದ್ದಾರೆ. ಅವರ ಮಟ್ಟಿಗೆ ಸಂಘವೆಂದರೆ ರಾಜ್ಯೋತ್ಸವ, ಯಕ್ಷಗಾನ, ಸನ್ಮಾನ, ಹಾರ, ಶಾಲು. ಯಕ್ಷಗಾನ ಬೇಡವೆನ್ನುವವ ನಾನಲ್ಲ. ಬೆಳಗಾಗುವ ತನಕ ಕೂತು ನೋಡುವವನೇ. ಆದರೆ ಆಟ ಮುಗಿಸಿ ಖೋಲಿಗೆ ನಡೆದು ಹೋಗುವ ಹುಡುಗನನ್ನು ದಾರಿಯಲ್ಲಿ ಹಿಡಿದು ಜೀಪು ಹತ್ತಿಸಿದರೆ ಅವನ ಪರವಾಗಿ ಕೇಳುವವರು ಯಾರು? ಅದಕ್ಕೆ ಈ ಮುಖಂಡರಲ್ಲಿ ಉತ್ತರವಿಲ್ಲ.

ಓಟಿಗೂ ಠಾಣೆಗೂ ಏನು ಸಂಬಂಧ ಎನ್ನುತ್ತೀರಾ? ನನ್ನದೇ ಒಂದು ಸಂಗತಿ ಕೇಳಿ. ಹತ್ತೊಂಬತ್ತರ ವಯಸ್ಸಿನಲ್ಲಿ ನಾನು ಒಂದು ಹೋಟೆಲಿನಲ್ಲಿ ಮೇಜು ಒರೆಸುತ್ತಿದ್ದೆ. ಒಂದು ರಾತ್ರಿ ಗಲ್ಲೆಯಲ್ಲಿ ನಾಲ್ಕು ಸಾವಿರ ರೂಪಾಯಿ ಕಡಿಮೆ ಬಂತು. ಧನಿಗಳು ಫೋನು ಮಾಡಿದರು. ಮೂವರು ಹುಡುಗರನ್ನು “ಎನ್‌ಕ್ವೈರಿ” ಎಂದು ಕರೆದೊಯ್ದರು. ಮೂವರಲ್ಲಿ ಒಬ್ಬ ಅದೇ ಗಲ್ಲಿಯ ಚಾಳಿನವ. ಒಂದು ತಾಸಿನೊಳಗೆ ಅವನ ಅಪ್ಪ, ಚಾಳಿನ ಹತ್ತು ಜನ, ಜೊತೆಗೆ ಆ ವಾರ್ಡಿನ ನಗರಸೇವಕ ಬಂದು ನಿಂತರು. ಅವನು ಮನೆಗೆ ಹೋದ. ಉಳಿದ ನಾವಿಬ್ಬರು ಎರಡು ರಾತ್ರಿ ನೆಲದ ಮೇಲೆ ಕುಳಿತೆವು, ಅಂಗಾಲಿಗೆ ಬಾರಿಸಿಕೊಂಡೆವು. ನಮ್ಮ ಹೆಸರನ್ನು ಯಾವ ಪುಸ್ತಕದಲ್ಲೂ ಬರೆಯಲಿಲ್ಲ. ಮೂರನೆಯ ದಿನ ತಿಳಿಯಿತು, ಹಣ ತೆಗೆದವರು ಧನಿಗಳ ಮನೆಯವರೇ! “ತಪ್ಪಾಯಿತು” ಎಂದು ಯಾರೂ ಹೇಳಲಿಲ್ಲ. ಎರಡು ದಿನದ ಪಗಾರ ಮಾತ್ರ ಕಡಿದರು.

ಇದು ಭಾಷೆಯ ಜಗಳವೆಂದು ಯಾರೂ ತಿಳಿಯಬಾರದು. ಆ ಮರಾಠಿ ಗೆಳೆಯನೇ ಮರುದಿನ ಚಹಾ, ಪಾವು ತಂದು ಕಿಟಕಿಯಿಂದ ಕೊಟ್ಟವನು. ವ್ಯತ್ಯಾಸ ಇಷ್ಟೇ: ಅವನ ಚಾಳಿನಲ್ಲಿ ಓಟುಗಳಿದ್ದವು, ನಮ್ಮ ಹೋಟೆಲಿನ ಅಟ್ಟದಲ್ಲಿ ಓಟು ಇರಲಿಲ್ಲ. ಇನ್‌ಸ್ಪೆಕ್ಟರು ನಗರಸೇವಕನ ಮಾತು ಕೇಳುತ್ತಾನೆ, ನಗರಸೇವಕ ಯಾದಿಯನ್ನು ನೋಡುತ್ತಾನೆ. ಯಾದಿಯಲ್ಲಿ ಇಲ್ಲದವನು ಅವರಿಬ್ಬರ ಕಣ್ಣಿಗೂ ಇಲ್ಲ.

ನಮ್ಮವರೇ ಒಬ್ಬರು ಇದನ್ನು ಈ ಶಹರದಲ್ಲಿ ಮಾಡಿ ತೋರಿಸಿದ್ದಾರೆ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1949ರಲ್ಲಿ ಮುಂಬಯಿಗೆ ಬಂದಾಗ ಚೌಪಾಟಿಯ ಬೆಂಚಿನ ಮೇಲೆ ಮಲಗುತ್ತಿದ್ದರು. ನಡುರಾತ್ರಿ ಪೋಲೀಸರು ಎಬ್ಬಿಸಿ ಓಡಿಸುತ್ತಿದ್ದರು. ಆ ಮನುಷ್ಯ ಹೋಟೆಲ್ ಕಾರ್ಮಿಕರನ್ನು, ಟ್ಯಾಕ್ಸಿಯವರನ್ನು, ಪಾಲಿಕೆಯ ಕಾರ್ಮಿಕರನ್ನು ಒಟ್ಟುಗೂಡಿಸಿ, 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದರು. ಅದೂ ಯಾವ ಹೊತ್ತಿನಲ್ಲಿ? ಅದರ ಹಿಂದಿನ ವರ್ಷವೇ, 1966ರಲ್ಲಿ, ಶಿವಸೇನೆ ಹುಟ್ಟಿ ದಕ್ಷಿಣದವರ ವಿರುದ್ಧ ಕೂಗು ಎದ್ದಿದ್ದ ಕಾಲ. ಉಡುಪಿ ಹೋಟೆಲುಗಳಿಗೆ ಕಲ್ಲು ಬೀಳುತ್ತಿದ್ದ ಕಾಲ. ಆಮೇಲೆ ಅವರು ಯಾವ ಪಕ್ಷ ಸೇರಿದರು, ಯಾರ ಜೊತೆ ಕೂತರು ಎಂಬ ಚರ್ಚೆ ನೀವು ಬೇಕಾದಷ್ಟು ಮಾಡಿ. ಆದರೆ ಅವರನ್ನು ಗೆಲ್ಲಿಸಿದ್ದು ಊರಿನ ಯಾದಿಯ ಓಟಲ್ಲ, ಇಲ್ಲಿಯ ಯಾದಿಯ ಓಟು.

ಇನ್ನು ಊರಿನ ಓಟಿನ ಕಥೆ. ಅದನ್ನು ಹಾಕಿದವರು ನಮ್ಮಲ್ಲಿ ಎಷ್ಟು ಮಂದಿ? ಕೊಂಕಣ ರೈಲಿನಲ್ಲಿ ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ. ಮತದಾನದ ದಿನ ಪಗಾರ ಸಹಿತ ರಜೆ ಕೊಡಬೇಕೆಂದು ಕಾನೂನಿದೆ: 1951ರ ಪ್ರಜಾಪ್ರತಿನಿಧಿತ್ವ ಕಾಯಿದೆಯ 135ಬಿ ಕಲಮು, ದಿನಗೂಲಿಯವನಿಗೂ ಅನ್ವಯ. ರಜೆ ಕೊಡದ ಧನಿಗೆ ದಂಡ ಎಷ್ಟು ಗೊತ್ತೇ? ಹೆಚ್ಚೆಂದರೆ 500 ರೂಪಾಯಿ! ಒಂದು ಕುಟುಂಬ ಬಂದು ದೋಸೆ, ಕಾಫಿ ಮುಗಿಸಿ ಎದ್ದರೆ ಗಲ್ಲೆಗೆ ಬೀಳುವ ದುಡ್ಡು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಓಟು ಹಾಕಿಸಬಲ್ಲ ಯಂತ್ರವನ್ನು ಚುನಾವಣಾ ಆಯೋಗವು 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ಪಕ್ಷಗಳು ಒಪ್ಪಲಿಲ್ಲ, ಯಂತ್ರ ಬರಲಿಲ್ಲ. ಅದನ್ನು ಕಾಯುತ್ತ ಕೂರುವವರು ಕೂರಲಿ.

ಊರಿನ ಯಾದಿಯಲ್ಲಿ ಹೆಸರು ಶಾಶ್ವತವೆಂದು ನಂಬಿದವರಿಗೆ ಬಿಹಾರವನ್ನು ತೋರಿಸುತ್ತೇನೆ. 2025ರಲ್ಲಿ ಅಲ್ಲಿ ಯಾದಿಯ ವಿಶೇಷ ಪರಿಷ್ಕರಣೆ ನಡೆಯಿತು. ಆಗಸ್ಟಿನಲ್ಲಿ ಹೊರಬಂದ ಕರಡು ಯಾದಿಯಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ತೀರಿಕೊಂಡವರ, ಎರಡು ಕಡೆ ಹೆಸರಿದ್ದವರ ಲೆಕ್ಕ ಬೇರೆ. ಆದರೆ ದೊಡ್ಡ ಪಾಲು “ಊರು ಬಿಟ್ಟವರು, ಮನೆಯಲ್ಲಿ ಸಿಗದವರು” ಎಂಬ ಲೆಕ್ಕದ್ದು. ಯಾರನ್ನು ಏಕೆ ಬಿಟ್ಟಿರೆಂದು ಹೆಸರು, ಕಾರಣ ಪ್ರಕಟಿಸಿ ಎಂದು ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತು. ಊರು ಬಿಟ್ಟವರು, ಮನೆಯಲ್ಲಿ ಸಿಗದವರು ಎಂದರೆ ನಾವೇ ಅಲ್ಲವೇ? ದಿಲ್ಲಿಯಲ್ಲಿ ಇಟ್ಟಿಗೆ ಹೊರುವ ಬಿಹಾರಿಗೂ, ಮಾಟುಂಗದಲ್ಲಿ ತಟ್ಟೆ ತೊಳೆಯುವ ಕಾರ್ಕಳದವನಿಗೂ ಯಾವ ಭೇದ?

ಕಾನೂನು ನಮ್ಮ ಪರವಾಗಿಯೇ ಇದೆ. 1950ರ ಕಾಯಿದೆ ಕೇಳುವುದು “ನೀನು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತೀ” ಎಂದು. ಊರಿನಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿಯ ನಿವಾಸಿ ಆಗುವುದಿಲ್ಲವೆಂದು ಅದೇ ಕಾಯಿದೆಯ 20ನೆಯ ಕಲಮು ಬಿಚ್ಚಿ ಹೇಳಿದೆ. “ವಿಳಾಸದ ಕಾಗದ ಎಲ್ಲಿಂದ ತರುವುದು? ಧನಿಗಳು ಕೊಡುವುದಿಲ್ಲ” ಎನ್ನುತ್ತೀರಿ. ಹೌದು, ಕೊಡುವುದಿಲ್ಲ. ಕೊಟ್ಟರೆ ನೀವು ಅಲ್ಲಿ ಕೆಲಸಕ್ಕಿದ್ದೀರಿ, ಅಲ್ಲೇ ಮಲಗುತ್ತೀರಿ ಎಂಬುದಕ್ಕೆ ಸಾಕ್ಷಿಯಾಯಿತು. ನಾಳೆ ಭವಿಷ್ಯ ನಿಧಿ ಕೇಳುತ್ತೀರೆಂಬ ಹೆದರಿಕೆ. ಆದರೆ ಮನೆಯೇ ಇಲ್ಲದವರ ವಿಷಯದಲ್ಲಿ ಚುನಾವಣಾ ಆಯೋಗದ ಸೂಚನೆ ಏನು? ಅವರಿಂದ ವಿಳಾಸದ ಕಾಗದ ಕೇಳಬೇಕಾಗಿಲ್ಲ. ಮತಗಟ್ಟೆಯ ಅಧಿಕಾರಿಯೇ ರಾತ್ರಿ ಹೊತ್ತು ಬಂದು, ಅರ್ಜಿಯಲ್ಲಿ ಬರೆದ ಜಾಗದಲ್ಲಿ ಆ ಮನುಷ್ಯ ಮಲಗುತ್ತಾನೋ ಇಲ್ಲವೋ ನೋಡಬೇಕು. ಕಾಲುದಾರಿಯಲ್ಲಿ ಮಲಗುವವನಿಗೆ ಇಷ್ಟು ಹಕ್ಕಿರುವಾಗ, ಮೇಜು ಸರಿಸಿ ಹೋಟೆಲಿನ ನೆಲದ ಮೇಲೆ ಮಲಗುವವನಿಗೆ ಇಲ್ಲವೆಂದು ಯಾವ ಬಾಯಿಂದ ಹೇಳುತ್ತಾರೆ? ಬರಲಿ, ಹನ್ನೆರಡು ಗಂಟೆಯ ಮೇಲೆ ಬಂದು ನಮ್ಮನ್ನು ಎಣಿಸಲಿ.

ಒಂದು ಎಚ್ಚರಿಕೆ. ಎರಡು ಕಡೆ ಹೆಸರಿಡುವ ಜಾಣತನ ಬೇಡ. ಸುಳ್ಳು ಘೋಷಣೆಗೆ ಒಂದು ವರ್ಷದ ತನಕ ಸಜೆ ಇದೆ. ಊರಿನಲ್ಲಿ ಹೆಸರಿದ್ದವರು ಎಂಟನೆಯ ನಮೂನೆ ತುಂಬಿ ಹೆಸರನ್ನು ಇಲ್ಲಿಗೆ ವರ್ಗ ಮಾಡಿಸಬೇಕು. ಎಲ್ಲೂ ಇಲ್ಲದವರಿಗೆ ಆರನೆಯದು. ಚಾಳು ಒಡೆದು ಬೇರೆ ಕಡೆ ಹೋದ ಗಿರಣಿಯ ಹಿರಿಯರೂ ಈ ಎಂಟನೆಯದನ್ನೇ ತುಂಬಬೇಕು.

ಈಗ ಠಾಣೆಯ ಮಾತು. 1986ರಲ್ಲಿ ಬಂಗಾಳದ ಡಿ. ಕೆ. ಬಸು ಎಂಬವರು, ಲಾಕಪ್ಪುಗಳಲ್ಲಿ ಜನ ಸಾಯುತ್ತಿರುವ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಸರ್ವೋಚ್ಚ ನ್ಯಾಯಾಲಯಕ್ಕೆ ಒಂದು ಕಾಗದ ಬರೆದರು. ಆ ಕಾಗದವನ್ನೇ ಅರ್ಜಿಯೆಂದು ಎತ್ತಿಕೊಂಡು, ಹತ್ತು ವರ್ಷದ ಮೇಲೆ, 1996ರ ಡಿಸೆಂಬರಿನಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಹಿಡಿಯುವ ಪೋಲೀಸನ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು. ದಸ್ತಗಿರಿಯ ಹೊತ್ತು, ತಾರೀಖು ಬರೆದ ಕಾಗದ ಅಲ್ಲೇ ಆಗಬೇಕು. ಅದಕ್ಕೆ ಮನೆಯವರೊಬ್ಬರ ಅಥವಾ ಆ ಜಾಗದ ಒಬ್ಬ ಸಂಭಾವಿತರ ಸಾಕ್ಷಿ ಸಹಿ ಬೇಕು. ಬೇಕಾದವರೊಬ್ಬರಿಗೆ ಸುದ್ದಿ ಮುಟ್ಟಿಸಬೇಕು. ವಶದಲ್ಲಿಟ್ಟಷ್ಟು ದಿನ 48 ತಾಸಿಗೊಮ್ಮೆ ಡಾಕ್ಟರು ನೋಡಬೇಕು. 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬುದು ಸಂವಿಧಾನದ 22ನೆಯ ವಿಧಿಯಲ್ಲೇ ಇದೆ. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದಿದೆ, ಕಲಮುಗಳ ಅಂಕಿ ಬದಲಾಗಿವೆ, ಈ ಹಕ್ಕುಗಳು ಹೋಗಿಲ್ಲ. “ಎನ್‌ಕ್ವೈರಿಗೆ ಎತ್ತಿಕೊಂಡು ಹೋಗುವುದು” ಎಂಬ ಕಲಮು ಹಳೆಯದರಲ್ಲೂ ಇರಲಿಲ್ಲ, ಹೊಸದರಲ್ಲೂ ಇಲ್ಲ. ಕರೆಯುವುದಾದರೆ ಲಿಖಿತ ನೋಟೀಸು, ಹಿಡಿಯುವುದಾದರೆ ದಸ್ತಗಿರಿಯ ಕಾಗದ. ಮೂರನೆಯದು ಯಾವುದೂ ಇಲ್ಲ.

ಠಾಣೆಠಾಣೆಗೂ ಕ್ಯಾಮರಾ ಹಾಕಿ, ಚಿತ್ರಗಳನ್ನು ಹದಿನೆಂಟು ತಿಂಗಳು ಕಾದಿಡಿ ಎಂದು 2020ರಲ್ಲಿ ಅದೇ ನ್ಯಾಯಾಲಯ ಅಪ್ಪಣೆ ಮಾಡಿತು. ಐದು ವರ್ಷ ಕಳೆದ ಮೇಲೆ, ಕ್ಯಾಮರಾಗಳು ಕೆಲಸ ಮಾಡುತ್ತಿಲ್ಲವೆಂಬ ಸುದ್ದಿ ಓದಿ ತಾನೇ ಮತ್ತೆ ವಿಚಾರಣೆ ಎತ್ತಿಕೊಂಡಿತು. ಎಣ್ಣೆ ಕಾಯುವ ನಮ್ಮ ಭಟ್ಟಿಯ ಮೇಲಿನ ಕ್ಯಾಮರಾ ಮಾತ್ರ ಒಂದು ದಿನವೂ ಕೆಡುವುದಿಲ್ಲ!

ಹವಾಲ್ದಾರರ ಮೇಲೆ ನನಗೆ ದ್ವೇಷವಿಲ್ಲ. ಅವರೂ ಹಳ್ಳಿಯಿಂದ ಬಂದವರು, ಮಳೆಯಲ್ಲಿ ನಿಂತು ದುಡಿಯುವವರು. ಅವರಿಗೆ ಅಪ್ಪಣೆ ಕೊಡುವವರು ಯಾರಿಗೆ ಹೆದರುತ್ತಾರೆ ಎಂಬುದೇ ನನ್ನ ಪ್ರಶ್ನೆ. ಮುಂಬಯಿ ಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇರಲಿಲ್ಲ. ನಮ್ಮ ಸಂಘದಲ್ಲಿ ಅದರ ಬಗ್ಗೆ ಒಂದು ಠರಾವೂ ಆದದ್ದು ನಾನು ಕಾಣೆ.

ಮೇಲೆ ಹೇಳಿದ “ಸಂಭಾವಿತರು” ನಮ್ಮ ಸಂಘದ ಪದಾಧಿಕಾರಿಗಳೇ ಏಕಾಗಬಾರದು? ಶಾಲು ಹೊದೆಯುವ ಹೆಗಲು ವಾರದಲ್ಲಿ ಒಂದು ರಾತ್ರಿ ಠಾಣೆಯ ಬಾಗಿಲಿಗೂ ಬರಲಿ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂಬ ನೆಪ ನಡೆಯದು: ಪೋಲೀಸರ ವಶದಲ್ಲಿರುವವನಿಗೆ ಸರಕಾರದ ಖರ್ಚಿನಲ್ಲಿ ವಕೀಲರು ಸಿಗಬೇಕೆಂದು 1987ರ ಕಾನೂನು ಸೇವಾ ಕಾಯಿದೆ ಹೇಳುತ್ತದೆ, 15100 ನಂಬರಿಗೆ ಫೋನು ಮಾಡಿ ಕೇಳಬಹುದು.

ಮುಂದಿನ ಮಹಾಸಭೆಯಲ್ಲಿ ನಾನು ಎರಡು ಠರಾವು ಮಂಡಿಸುವವನಿದ್ದೇನೆ. ಸರದಿಯ ಮೇಲೆ ಪ್ರತಿ ರಾತ್ರಿಯೂ ಒಬ್ಬ ಪದಾಧಿಕಾರಿ ಫೋನಿಗೆ ಸಿಗಬೇಕು, ಆ ನಂಬರು ಪ್ರತಿ ಹೋಟೆಲಿನ ಅಡಿಗೆಮನೆಯಲ್ಲಿ ಅಂಟಿರಬೇಕು. ಎರಡನೆಯದು, ಹೋಟೆಲು ಮುಚ್ಚಿದ ಮೇಲೆ, ರಾತ್ರಿ ಹನ್ನೊಂದೂವರೆಗೆ, ಸಂಘದ ಖೋಲಿಯಲ್ಲಿ ದೀಪ ಹಚ್ಚಿ ಆರನೆಯ, ಎಂಟನೆಯ ನಮೂನೆ ತುಂಬಿಸಬೇಕು. ನಾನು ಏಳನೆಯ ಇಯತ್ತೆಯ ತನಕ ಓದಿದವ. ಆ ನಮೂನೆ ನನಗೇ ತುಂಬಲು ಬರುತ್ತದೆ, ಬಿ.ಎ. ಆದ ನಮ್ಮ ಕಾರ್ಯದರ್ಶಿಗಳಿಗೆ ಕಷ್ಟವಾಗದು. ವಿರೋಧವಿದ್ದವರು ಬೆನ್ನ ಹಿಂದೆ ಗುಸುಗುಸು ಎನ್ನದೆ, ಸಭೆಯಲ್ಲಿ ಎದ್ದು ನಿಂತು ವಿರೋಧಿಸಲಿ. ವಿರೋಧಿಸಿದವರ ಹೆಸರು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ.