ಮಾಗಡಿ ಕೆರೆ: ಅಸಲು ಕರಗದ ಪ್ರವಾಸೋದ್ಯಮ

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯು 2024ರ ಜನವರಿಯಲ್ಲಿ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು. ನೀರಾವರಿಗೆಂದು ಕಟ್ಟಲಾದ, ಸುಮಾರು 50 ಹೆಕ್ಟೇರ್ ವಿಸ್ತಾರದ ಈ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಅಂತರರಾಷ್ಟ್ರೀಯ ಮನ್ನಣೆ ದೊರೆತ ಮೇಲೆ ದೋಣಿವಿಹಾರ, ದಡದಲ್ಲೊಂದು ರೆಸಾರ್ಟ್ ಎಂಬ ಆಲೋಚನೆಗಳು ವ್ಯಾಪಾರಿ ಬಂಧುಗಳಲ್ಲಿ ಮೂಡುವುದು ಸಹಜವೇ. ಪಕ್ಷಿಪ್ರೇಮ ಒತ್ತಟ್ಟಿಗಿರಲಿ; ಲೆಕ್ಕಿಗನ ದೃಷ್ಟಿಯಿಂದಲೇ ಈ ಆಲೋಚನೆಗಳನ್ನು ಪರಿಶೀಲಿಸಬಹುದು.

ಹಕ್ಕಿಗಳು ಇರುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ. ರೆಸಾರ್ಟಿನ ಸಾಲದ ಬಡ್ಡಿ, ಕಟ್ಟಡದ ಸವಕಳಿ, ಕಾವಲುಗಾರನ ಸಂಬಳಗಳಾದರೋ ಹನ್ನೆರಡು ತಿಂಗಳೂ ನಡೆಯುತ್ತವೆ. ಐದು ತಿಂಗಳ ಗಳಿಕೆಯಿಂದ ವರ್ಷದ ವೆಚ್ಚವನ್ನು ಭರಿಸಬೇಕಾದಾಗ ಮದುವೆ, ಔತಣ, ಧ್ವನಿವರ್ಧಕಗಳತ್ತ ಮನಸ್ಸು ಹೊರಳದೆ ಇರದು. ಅದರಿಂದ ಹಕ್ಕಿಗಳು ಬೇರೆ ಕೆರೆಯನ್ನು ಹುಡುಕಿಕೊಂಡರೆ ಆ ಐದು ತಿಂಗಳ ಆದಾಯವೂ ನಿಲ್ಲುತ್ತದೆ. ಇಲ್ಲಿ ಹಕ್ಕಿಯೇ ಅಸಲು. ಅದನ್ನು ಯಾವ ಬ್ಯಾಂಕೂ ಅಡಮಾನಕ್ಕೆ ಸ್ವೀಕರಿಸದು, ಯಾವ ವಿಮಾ ಕಂಪನಿಯೂ ಭರ್ತಿ ಮಾಡಿಕೊಡದು.

ರಂಗನತಿಟ್ಟಿನಲ್ಲಿ ದೋಣಿ ಓಡುತ್ತಿಲ್ಲವೇ ಎಂದು ಕೇಳಬಹುದು. ಅಲ್ಲಿನ ಹಕ್ಕಿಗಳು ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುತ್ತವೆ. ಅರಣ್ಯ ಇಲಾಖೆಯ ದೋಣಿ ಅವುಗಳ ಬದಿಯಲ್ಲಿ ಸಾಗುತ್ತದೆ. ಮಾಗಡಿಯ ಹೆಬ್ಬಾತುಗಳಾದರೋ ರಾತ್ರಿ ಶೇಂಗಾ ಮೊದಲಾದ ಹೊಲಗಳಲ್ಲಿ ಮೇದು ಬಂದು, ಹಗಲು ನೀರಿನಲ್ಲಿಯೂ ದಡದಲ್ಲಿಯೂ ವಿಶ್ರಮಿಸುತ್ತವೆ. ದೋಣಿ ನಡೆಸುವುದೆಂದರೆ ಅವುಗಳ ಮಲಗುವ ಕೋಣೆಯೊಳಗೇ ನುಗ್ಗಿದಂತೆ. ಕಾನೂನಿನ ಮಾತನ್ನೂ ಮರೆಯಬಾರದು. ರಾಮ್‌ಸರ್ ತಾಣಗಳಿಗೆ ಅನ್ವಯಿಸುವ 2017ರ ಜೌಗುಭೂಮಿ ನಿಯಮಗಳು, ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್‌ಗಳೊಳಗೆ ದೋಣಿಕಟ್ಟೆಯ ಹೊರತು ಶಾಶ್ವತ ನಿರ್ಮಾಣವನ್ನು ನಿಷೇಧಿಸುತ್ತವೆ. ದೋಣಿಕಟ್ಟೆಗೆ ವಿನಾಯಿತಿ ಇದೆಯೆಂದ ಮಾತ್ರಕ್ಕೆ ಅದನ್ನು ಕಟ್ಟಲೇಬೇಕೆಂದಿಲ್ಲವಷ್ಟೆ!

ಹಾಗಾದರೆ ವ್ಯಾಪಾರಕ್ಕೆ ಅವಕಾಶವೇ ಇಲ್ಲವೇ? ಧಾರಾಳವಾಗಿದೆ, ಆದರೆ ಕೆರೆಯ ದಡದಲ್ಲಲ್ಲ. ಬೆಳಿಗ್ಗೆ ಮಾಗಡಿಯಲ್ಲಿ ಹಕ್ಕಿಗಳನ್ನು ನೋಡಿದವರು ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯ, ಗದಗಿನ ವೀರನಾರಾಯಣ ಮತ್ತು ತ್ರಿಕೂಟೇಶ್ವರ ದೇವಾಲಯಗಳು, ಲಕ್ಕುಂಡಿಯ ಶಿಲ್ಪವೈಭವ ಇವುಗಳಿಗಾಗಿ ಒಂದು ರಾತ್ರಿ ತಂಗುವಂತಾದರೆ ವಸತಿಗೃಹ, ಖಾನಾವಳಿ, ಬಾಡಿಗೆ ವಾಹನಗಳೆಲ್ಲಕ್ಕೂ ವರ್ಷವಿಡೀ ವ್ಯವಹಾರ ದೊರೆಯುತ್ತದೆ. ಗದಗಿನಲ್ಲಿ ಹೂಡಿದ ಬಂಡವಾಳವು ಹಕ್ಕಿಗಳು ಮರಳಿ ಹೋದ ಏಪ್ರಿಲ್ ತಿಂಗಳಿನಲ್ಲಿಯೂ ದುಡಿಯುತ್ತದೆ.

ಇನ್ನು ರೈತರ ಪ್ರಶ್ನೆ. ಹೆಬ್ಬಾತುಗಳ ಊಟದ ಖರ್ಚನ್ನು ಇಂದು ಹೊರುತ್ತಿರುವವನು ಹೊಲದ ಒಡೆಯ. ಅವುಗಳ ಹೆಸರಿನಲ್ಲಿ ಗಳಿಸುವವರು ಮಾತ್ರ ಬೇರೆಯವರು. ಯಾವ ಜಮಾಖರ್ಚಿನಲ್ಲಿಯೂ ಇದು ಸರಿಹೊಂದದು. ರೈತನು ಬೇಸತ್ತು ಪಟಾಕಿ ಹಚ್ಚಿ ಓಡಿಸತೊಡಗಿದರೆ ಅವನನ್ನು ದೂರುವ ಹಕ್ಕು ನಮಗಿರುವುದಿಲ್ಲ. ಪ್ರವಾಸಿಗರಿಂದ ಪಡೆಯುವ ಶುಲ್ಕವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಮೊದಲ ಹಕ್ಕು ಬೆಳೆನಷ್ಟದ ಪರಿಹಾರಕ್ಕೆ, ಉಳಿದುದು ಕೆರೆಯ ಕಾವಲು ಹಾಗೂ ಶೌಚಾಲಯಗಳಿಗೆ ಎಂದು ಗೊತ್ತುಪಡಿಸಬೇಕು. ಪ್ರತಿ ಏಪ್ರಿಲ್‌ನಲ್ಲಿ ಆದಾಯ-ವೆಚ್ಚದ ತಃಖ್ತೆಯನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಅಂಟಿಸಬೇಕು. ವಾಣಿಜ್ಯ ಸಂಸ್ಥೆಯು ಜಿಲ್ಲಾಡಳಿತಕ್ಕೆ ಮನವಿ ಸಲ್ಲಿಸುವುದಾದರೆ ದೋಣಿಯ ಬದಲು ಈ ಬಾಬನ್ನು ಮೊದಲು ಬರೆಯುವುದು ಸೂಕ್ತ. ಅಂಥ ಖಾತೆಗೆ ಲೆಕ್ಕಪರಿಶೋಧನೆಯನ್ನು ಸಂಭಾವನೆಯಿಲ್ಲದೆ ಮಾಡಿಕೊಡಲು ನಮ್ಮ ವೃತ್ತಿಬಾಂಧವರು ಮುಂದೆ ಬರಬಹುದೆಂಬ ನಂಬಿಕೆ ನನಗಿದೆ.