ಆಕಾಶದಲ್ಲಿಯೂ ಸುತ್ತುದಾರಿಯೆ?

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಕಲಬುರಗಿಯ ನಿಲ್ದಾಣಕ್ಕೆ ನಕ್ಷೆಯ ಮೇಲೆ ನೆಟ್ಟಗೆ ಗೆರೆಯೆಳೆದರೆ ದೂರವು ಸುಮಾರು 300 ಕಿಲೋಮೀಟರು. ಎಪ್ಪತ್ತು ಮಂದಿ ಕೂಡುವ ಸಣ್ಣ ವಿಮಾನಕ್ಕೆ ಇದು ಹೆಚ್ಚೆಂದರೆ ಒಂದು ಗಂಟೆಯ ಹಾದಿ. ಆದರೆ ನೇರ ವಿಮಾನವಿಲ್ಲದ ದಿನ ಪ್ರಯಾಣಿಕನು ಮೊದಲು ತೆಂಕಲಿಗೆ ಹಾರಿ ಬೆಂಗಳೂರಿನಲ್ಲಿಳಿದು, ಅಲ್ಲಿ ಕಾದಿದ್ದು, ಮರಳಿ ಬಡಗಲಿಗೆ ಹಾರಬೇಕಾಗುವುದು. ಹಾಗೆ ಹಾರಿದ ದೂರವು ಸುಮಾರು 900 ಕಿಲೋಮೀಟರು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರೆಂಬ ಗಾದೆಯು ನೆಲದ ಮೇಲಿನ ದಾರಿಗೆ ಹುಟ್ಟಿದ್ದು. ಅದೀಗ ಆಕಾಶಕ್ಕೂ ಏರಿದೆ.

ಇದು ಬರಿಯ ಅನುಕೂಲದ ಮಾತಲ್ಲ. 1956ರಲ್ಲಿ ಮುಂಬಯಿ ಕರ್ನಾಟಕವೂ ಹೈದರಾಬಾದು ಕರ್ನಾಟಕವೂ ಒಂದೇ ರಾಜ್ಯದೊಳಗೆ ಬಂದುವು. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣಸೌಧವು ತಲೆಯೆತ್ತಿತು. ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಪೀಠವುಂಟು. 2019ರ ನವೆಂಬರಿನಿಂದ ವಿಮಾನ ನಿಲ್ದಾಣವೂ ಉಂಟು. ಹೀಗಿರಲು, ಸುವರ್ಣಸೌಧದಲ್ಲಿ ಅಧಿವೇಶನ ಕೂಡಿದಾಗ ಕಲಬುರಗಿಯ ಅಧಿಕಾರಿಯೋ ಅಹವಾಲು ಹೊತ್ತ ರೈತನೋ ಅಲ್ಲಿಗೆ ಹೋಗಲು ರಾಜಧಾನಿಯ ಹೊಸಿಲನ್ನು ಮುಟ್ಟಿಯೇ ಹೋಗಬೇಕೆಂದರೆ, ಅಧಿಕಾರವನ್ನು ಹಂಚಿದೆವೆಂಬ ನಮ್ಮ ಮಾತಿಗೆ ಅರ್ಥವೇನು? ಬೆಂಗಳೂರಿಗೆ ಎಲ್ಲ ಊರುಗಳನ್ನೂ ಕಟ್ಟಿದ ಮಾತ್ರಕ್ಕೆ ಊರೂರಿಗೆ ನಂಟು ಬೆಳೆಯದು.

ವಿಮಾನದ ವೇಗವನ್ನೇ ಹೊಗಳುವವರ ಲೆಕ್ಕವನ್ನೂ ನಾವು ಪೂರ್ತಿಯಾಗಿ ಒಪ್ಪಲಾರೆವು. ಹಾರುವ ಹೊತ್ತೊಂದೇ ಪ್ರಯಾಣದ ಹೊತ್ತಲ್ಲ. ಮನೆಯಿಂದ ನಿಲ್ದಾಣಕ್ಕೆ ಹೋಗುವುದು, ತಪಾಸಣೆಗೆ ಮುಂಚಿತವಾಗಿ ನಿಲ್ಲುವುದು, ಇಳಿದ ಮೇಲೆ ಊರು ಸೇರುವುದು, ಇವೆಲ್ಲ ಕೂಡಿದರೆ ಒಂದು ಗಂಟೆಯ ಹಾರಾಟವು ನಾಲ್ಕು ಗಂಟೆಯ ಪ್ರಯಾಣವಾಗುವುದು. ಆದರೂ ವಿಜಯಪುರದ ಮೇಲೆ ಹಾಯುವ ರಸ್ತೆಯಲ್ಲಿ ಏಳೆಂಟು ಗಂಟೆ ಕುಳಿತು ಬರುವವನಿಗೆ ಮೂರು ನಾಲ್ಕು ಗಂಟೆಗಳ ಉಳಿತಾಯವಿದೆ. ಬೆಂಗಳೂರನ್ನು ಸುತ್ತಿ ಬಂದರೆ ಮಾತ್ರ ಆ ಉಳಿತಾಯವು ಕಾಯುವುದರಲ್ಲಿಯೇ ಕರಗಿಹೋಗುವುದು, ಹಣವೂ ಹೆಚ್ಚು.

ಚಿಕ್ಕ ಊರುಗಳನ್ನು ಜೋಡಿಸುವುದಕ್ಕೆಂದೇ ಕೇಂದ್ರ ಸರಕಾರದವರು 2016ರಲ್ಲಿ ಉಡಾನ್ ಯೋಜನೆಯನ್ನು ಹೂಡಿದರು. ನಷ್ಟ ತುಂಬುವ ಸಹಾಯಧನವು ಮೂರು ವರ್ಷಗಳ ಅವಧಿಯದು. ಅದರ ಫಲವೇನೆಂಬುದನ್ನು ಮಹಾಲೇಖಪಾಲರ 2023ರ ವರದಿಯೇ ತಿಳಿಸಿದೆ: ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವಾಗಲೇ ಇಲ್ಲ, ಮೂರು ವರ್ಷ ತುಂಬಿಸಿದವು 112, ಸಹಾಯಧನ ನಿಂತ ಬಳಿಕವೂ 2023ರ ಮಾರ್ಚಿಯವರೆಗೆ ಉಳಿದವು 54 ಮಾತ್ರ. ಇಂದು ಇದ್ದು ನಾಳೆ ಇಲ್ಲದ ವಿಮಾನವನ್ನು ನಂಬಿ ಯಾವ ವರ್ತಕನು ವ್ಯಾಪಾರವನ್ನು ಗೊತ್ತುಮಾಡಿಯಾನು, ಯಾವ ರೋಗಿಯು ವೈದ್ಯನಿಗೆ ದಿನವನ್ನು ಹೇಳಿಯಾನು? ಜನರು ಏರದಿದ್ದುದರಿಂದ ವಿಮಾನ ನಿಂತಿತೆನ್ನುವವರು, ನಿಂತೀತೆಂಬ ಅಂಜಿಕೆಯಿಂದಲೂ ಜನರು ಏರಲಾರರೆಂಬುದನ್ನು ಮರೆಯಬಾರದು.

ಆದುದರಿಂದ ಹೊಸ ನಿಲ್ದಾಣಗಳಿಗೆ ಅಡಿಗಲ್ಲು ಹಾಕುವುದಕ್ಕೆ ಮುನ್ನ, ಇರುವ ನಿಲ್ದಾಣಗಳ ನಡುವೆ ವಾರಕ್ಕೆ ಮೂರು ದಿನವಾದರೂ ತಪ್ಪದ ನೇರ ವಿಮಾನವನ್ನು ರಾಜ್ಯ ಸರಕಾರದವರು ಏರ್ಪಡಿಸಲಿ. ಸಹಾಯಧನದ ತಮ್ಮ ಪಾಲನ್ನು ಐದು ವರ್ಷಗಳಿಗೆ ಮೊದಲೇ ಗೊತ್ತುಪಡಿಸಲಿ. ನಿಲ್ದಾಣದಿಂದ ಊರಿನೊಳಕ್ಕೆ ವಿಮಾನದ ವೇಳೆಗೆ ಸರಿಯಾಗಿ ಬಸ್ಸನ್ನು ಬಿಡಲಿ. ಉದ್ಘಾಟನೆಯ ದಿನದ ಹಾರತುರಾಯಿಗಳು ಸಂಜೆಗೇ ಬಾಡುತ್ತವೆ. ವೇಳಾಪಟ್ಟಿಯು ಬಾಡದಂತೆ ನೋಡಿಕೊಳ್ಳುವುದೇ ಆಡಳಿತ.